ಶಂಖ ಒಡೆಯುವುದಕ್ಕೆ ಮೊದಲು: 'ಲಾರ್ಡ್ ಆಫ್ ದಿ ಫ್ಲೈಸ್' ಕಾದಂಬರಿಯನ್ನು ಇನ್ನೊಮ್ಮೆ ಓದುತ್ತಾ

(ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.)

ಸ್ನೇಹಿತರೇ,

ವಿಲಿಯಂ ಗೋಲ್ಡಿಂಗ್ ಅವರ 'ಲಾರ್ಡ್ ಆಫ್ ದಿ ಫ್ಲೈಸ್' ಓದದವರಿಗೂ ಅದರ ಕಥೆ ಒಂದಿಷ್ಟು ಗೊತ್ತಿರುತ್ತದೆ. ಎಲ್ಲೋ ಯುದ್ಧ ನಡೆಯುತ್ತಿದೆ. ಇಂಗ್ಲಿಷ್ ಹುಡುಗರನ್ನು ಸಾಗಿಸುತ್ತಿದ್ದ ವಿಮಾನ ಉರುಳಿ, ಜನವಸತಿ ಇಲ್ಲದ ದ್ವೀಪದಲ್ಲಿ ಅವರು ಸಿಕ್ಕಿಬೀಳುತ್ತಾರೆ. ದೊಡ್ಡವರು ಒಬ್ಬರೂ ಉಳಿದಿಲ್ಲ. ಹುಡುಗರು ಶಂಖ ಊದಿ ಸಭೆ ಸೇರುತ್ತಾರೆ, ನಾಯಕನನ್ನು ಆರಿಸುತ್ತಾರೆ, ನಿಯಮ ಮಾಡುತ್ತಾರೆ. ಸ್ವಲ್ಪ ಕಾಲದಲ್ಲೇ ಮುಖಕ್ಕೆ ಬಣ್ಣ ಬಳಿದುಕೊಂಡು ಈಟಿ ಹಿಡಿದು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ.

ಇದಕ್ಕೆ ನಾವು ಸಾಮಾನ್ಯವಾಗಿ ಹಚ್ಚುವ ಅರ್ಥವೂ ಸಿದ್ಧವಾಗಿಯೇ ಇದೆ. ನಾಗರಿಕತೆ ಎನ್ನುವುದು ಕುದಿಯುವ ಪಾತ್ರೆಯ ಮೇಲಿನ ಮುಚ್ಚಳ. ಮುಚ್ಚಳ ಸರಿಸಿದರೆ ಒಳಗಿದ್ದ ಕಾಡುತನ ಉಕ್ಕುತ್ತದೆ. ಪರೀಕ್ಷೆಗೆ ಬರೆದರೆ ಇದಕ್ಕೆ ಅಂಕ ಸಿಗುತ್ತದೆ. ನಾನು ಈ ಅರ್ಥದ ಜೊತೆ ಜಗಳ ಆಡುವುದಕ್ಕೆಂದೇ ಇವತ್ತು ನಿಂತಿದ್ದೇನೆ. ಪುಸ್ತಕವನ್ನು ನಿಧಾನವಾಗಿ ಓದಿದರೆ ಮುಚ್ಚಳದ ಕಥೆ ಅಲ್ಲಿ ಕಾಣುವುದಿಲ್ಲ. ಆ ದ್ವೀಪದಲ್ಲಿ ಕಾಡುತನ ಎಂದು ನಾವು ಕರೆಯುವುದು ಬಹಳ ಶಿಸ್ತಿನಿಂದ, ಸಾಲಾಗಿ, ಸಮವಸ್ತ್ರ ಹಾಕಿಕೊಂಡು ಬರುತ್ತದೆ. ಕುಸಿಯುವುದು ನಾಗರಿಕತೆಯ ಒಂದು ಭಾಗ ಮಾತ್ರ, ಯಾರಿಗೂ ಬೇಡವಾದ ಬೇಸರದ ಭಾಗ. ಇನ್ನೊಂದು ಭಾಗ ಚೆನ್ನಾಗಿಯೇ ಬೆಳೆಯುತ್ತದೆ.

ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ, ಬೈಯಬೇಡಿ. 1954ರ ಪುಸ್ತಕ; ಕಾಯುವಷ್ಟು ಕಾದಾಗಿದೆ.

ಮೊದಲ ಸಾವಿನಿಂದ ಶುರು ಮಾಡೋಣ. ಈ ಕಾದಂಬರಿಯಲ್ಲಿ ಮೊದಲು ಸಾಯುವವನು ಯಾರು ಎಂದು ಕೇಳಿದರೆ, ಓದಿದವರು ಕೂಡ ಸೈಮನ್ ಎನ್ನುತ್ತಾರೆ. ಅಲ್ಲ. ಎರಡನೆಯ ಅಧ್ಯಾಯದಲ್ಲೇ ಒಂದು ಮಗು ಸತ್ತಿದೆ. ಆರು ವರ್ಷದ ಹುಡುಗ, ಮುಖದ ಒಂದು ಪಕ್ಕದಲ್ಲಿ ಹಿಪ್ಪುನೇರಳೆ ಬಣ್ಣದ ಹುಟ್ಟುಮಚ್ಚೆ. ಅವನಿಗೆ ಹೆಸರಿಲ್ಲ. ಹೆಸರು ಯಾರೂ ಕೇಳಲಿಲ್ಲ, ಹಾಗಾಗಿ ನಮಗೂ ಗೊತ್ತಾಗುವುದಿಲ್ಲ. ಸಭೆಯಲ್ಲಿ ಎದ್ದು, ಕಾಡಿನಲ್ಲಿ ಹಾವಿನಂಥದ್ದೇನೋ ನೋಡಿದೆ ಎಂದು ಹೇಳಲು ಒದ್ದಾಡುತ್ತಾನೆ. ದೊಡ್ಡ ಹುಡುಗರು ನಗುತ್ತಾರೆ. ಅಷ್ಟರಲ್ಲಿ ನಾಯಕ ರಾಲ್ಫ್, ಬೆಟ್ಟದ ಮೇಲೆ ಬೆಂಕಿ ಹಾಕಿದರೆ ಹೊಗೆ ನೋಡಿ ಹಡಗು ಬರುತ್ತದೆ ಎನ್ನುತ್ತಾನೆ. ಮಾತು ಮುಗಿಯುವ ಮೊದಲೇ ಇಡೀ ಸಭೆ ಎದ್ದು ಬೆಟ್ಟಕ್ಕೆ ಓಡುತ್ತದೆ. ಪಿಗ್ಗಿ ಎಂದು ಎಲ್ಲರೂ ಕರೆಯುವ ದಪ್ಪ ಹುಡುಗನ ಕನ್ನಡಕ ಕಿತ್ತುಕೊಂಡು ಬಿಸಿಲು ಹಿಡಿದು ಬೆಂಕಿ ಹೊತ್ತಿಸುತ್ತಾರೆ. ಬೆಂಕಿ ಕೈಮೀರಿ ಇಳಿಜಾರಿನ ಕಾಡಿಗೆ ಹಬ್ಬುತ್ತದೆ. ಕೊನೆಗೆ ಪಿಗ್ಗಿ ಒಂದೇ ಪ್ರಶ್ನೆ ಕೇಳುತ್ತಾನೆ: ಮುಖದ ಮೇಲೆ ಮಚ್ಚೆ ಇದ್ದ ಆ ಚಿಕ್ಕವನು ಎಲ್ಲಿ? ಯಾರ ಬಾಯಿಂದಲೂ ಉತ್ತರ ಇಲ್ಲ.

ಇದು ನಡೆದದ್ದು ಯಾವಾಗ ಎಂಬುದನ್ನು ಗಮನಿಸಿ. ರಾಲ್ಫ್‌ಗೆ ಮುಂದೆ ಎದುರಾಳಿಯಾಗುವ ಜ್ಯಾಕ್ ಇನ್ನೂ ಸಿಡಿದು ಹೋಗಿಲ್ಲ. ಮುಖಕ್ಕೆ ಬಣ್ಣ ಬಂದಿಲ್ಲ. ಶಂಖಕ್ಕೆ ಮರ್ಯಾದೆ ಇದೆ, ನಾಯಕನಿಗೆ ಬಹುಮತ ಇದೆ, ಎಲ್ಲರಲ್ಲೂ ಉತ್ಸಾಹ ತುಂಬಿ ತುಳುಕುತ್ತಿದೆ. ಪ್ರಜಾಪ್ರಭುತ್ವದ ಚೊಚ್ಚಲ ದಿನಗಳಲ್ಲೇ, ಒಳ್ಳೆಯ ಉದ್ದೇಶದ ಕೆಲಸದಲ್ಲೇ, ಮೊದಲ ಬಲಿ ಬಿತ್ತು. ಕಾರಣ ಏನು? ಎಷ್ಟು ಜನ ಇದ್ದಾರೆ ಎಂದು ಯಾರೂ ಎಣಿಸಿರಲಿಲ್ಲ. ಹೆಸರು ಬರೆದುಕೊಳ್ಳುವ ಕೆಲಸ ಪಿಗ್ಗಿಯ ತಲೆಗೆ ಬಿದ್ದಿತ್ತು. ಅವನು ಪಾಪ, ಮಕ್ಕಳ ಹಿಂದೆ ಓಡಾಡಿ ಕೇಳಿಯೂ ಇದ್ದ. ಆದರೆ ಒಬ್ಬನೇ ಏನು ಮಾಡಿಯಾನು? ಹುಳುಗಳ ಹಾಗೆ ಹರಿದಾಡುವ ಚಿಕ್ಕ ಮಕ್ಕಳನ್ನು ನಾನು ಹೇಗೆ ಲೆಕ್ಕ ಇಡಲಿ ಎಂದು ಅವನು ಗೋಳಾಡುತ್ತಾನೆ. ಆ ಪಟ್ಟಿ ಮುಂದೆಯೂ ಆಗುವುದಿಲ್ಲ.

ಇಲ್ಲಿಂದ ನೇರ ಕೊನೆಯ ಪುಟಕ್ಕೆ ಬನ್ನಿ. ದಡದಲ್ಲಿ ನೌಕಾದಳದ ಅಧಿಕಾರಿ ನಿಂತಿದ್ದಾನೆ. ಯಾರಾದರೂ ಸತ್ತಿದ್ದಾರಾ ಎಂದು ಅರೆ ತಮಾಷೆಯಲ್ಲಿ ಕೇಳುತ್ತಾನೆ. ರಾಲ್ಫ್ ಹೇಳುತ್ತಾನೆ: ಇಬ್ಬರೇ. ಸೈಮನ್ ಒಬ್ಬ, ಪಿಗ್ಗಿ ಒಬ್ಬ. ಮಚ್ಚೆಯ ಹುಡುಗ ಆ ಲೆಕ್ಕದಲ್ಲಿ ಇಲ್ಲ. ನೀವು ಒಟ್ಟು ಎಷ್ಟು ಜನ ಎಂದು ಅಧಿಕಾರಿ ಕೇಳಿದರೆ ಅದೂ ಗೊತ್ತಿಲ್ಲ. ಇಷ್ಟು ದಿನ ಇದ್ದು ಎಷ್ಟು ಜನ ಎನ್ನುವುದೂ ತಿಳಿಯದೇ, ಎಂದು ಅಧಿಕಾರಿ ಬೇಸರಪಟ್ಟುಕೊಳ್ಳುತ್ತಾನೆ. ಆ ಬೇಸರವನ್ನು ನಾವು ಸಾಮಾನ್ಯವಾಗಿ ದೊಡ್ಡವರ ಮೂರ್ಖತನ ಎಂದು ಓದಿಕೊಳ್ಳುತ್ತೇವೆ. ಇಡೀ ಪುಸ್ತಕದಲ್ಲಿ ಅವನು ಕೇಳುವ ಸರಿಯಾದ ಪ್ರಶ್ನೆ ಅದೊಂದೇ ಎಂದು ನನ್ನ ಅನಿಸಿಕೆ.

ಈಗ ಜ್ಯಾಕ್ ಮೆರಿಡ್ಯೂ ವಿಷಯ. ಅವನ ಪ್ರವೇಶವನ್ನು ನೆನಪು ಮಾಡಿಕೊಳ್ಳಿ. ಶಂಖದ ದನಿ ಕೇಳಿ ಉಳಿದ ಹುಡುಗರು ಅಲ್ಲಿಂದ ಇಲ್ಲಿಂದ ಬಿಡಿಬಿಡಿಯಾಗಿ ಬರುತ್ತಾರೆ, ಕೆಲವರು ಬಟ್ಟೆಯನ್ನೇ ಹಾಕಿಲ್ಲ. ಆಮೇಲೆ ಮರಳಿನ ಮೇಲೆ ಕಪ್ಪಗೆ ಏನೋ ತೆವಳಿಕೊಂಡು ಬರುತ್ತಿರುವಂತೆ ಕಾಣುತ್ತದೆ. ಹತ್ತಿರ ಬಂದಾಗ ನೋಡಿದರೆ ಅದು ಚರ್ಚಿನ ಗಾಯನ ತಂಡ. ಎರಡು ಸಾಲು, ಹೆಜ್ಜೆಗೆ ಹೆಜ್ಜೆ, ಉರಿಬಿಸಿಲಲ್ಲಿ ಕಪ್ಪು ನಿಲುವಂಗಿ, ಎದೆಯ ಎಡಗಡೆ ಬೆಳ್ಳಿಯ ಶಿಲುಬೆ, ತಲೆಗೆ ಟೋಪಿ. ಜ್ಯಾಕ್ ನಿಲ್ಲಿ ಎಂದ ಮೇಲೆ ನಿಲ್ಲುತ್ತಾರೆ. ಸೈಮನ್ ಬಿಸಿಲಿಗೆ ತಲೆಸುತ್ತಿ ಬೀಳುತ್ತಾನೆ. ಬಿದ್ದವನ ಬಗ್ಗೆ ಜ್ಯಾಕ್‌ನಿಗೆ ಕನಿಕರಕ್ಕಿಂತ ಕಿರಿಕಿರಿಯೇ ಜಾಸ್ತಿ. ತಾನು ಯಾಕೆ ನಾಯಕನಾಗಬೇಕು ಎನ್ನುವುದಕ್ಕೆ ಅವನು ಕೊಡುವ ಕಾರಣ ಕೇಳಿ: ನಾನು ಗಾಯನ ತಂಡದ ಮುಖ್ಯಸ್ಥ, ನನಗೆ ಅಷ್ಟು ಎತ್ತರದ ಸ್ವರದಲ್ಲಿ ಹಾಡಲು ಬರುತ್ತದೆ. ನಗು ಬರುತ್ತದೆ, ಆದರೆ ಅಧಿಕಾರಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಕೊಟ್ಟವರು ಎಷ್ಟು ಜನ?

ಮತದಾನದಲ್ಲಿ ಅವನು ಸೋಲುತ್ತಾನೆ. ಗಾಯನ ತಂಡದವರು ಮಾತ್ರ ಕೈ ಎತ್ತುತ್ತಾರೆ, ಅದೂ ಮನಸ್ಸಿಲ್ಲದ ವಿಧೇಯತೆಯಿಂದ. ಗೆದ್ದ ರಾಲ್ಫ್ ಆಗ ಮಾಡುವ ಕೆಲಸವೇ ಈ ಕಥೆಯ ತಿರುವು ಎಂದು ನನಗೆ ತೋರುತ್ತದೆ. ಸೋತವನ ಮುಖ ಕೆಂಪಾದದ್ದು ನೋಡಿ, ಸಮಾಧಾನಕ್ಕೆ ಎಂಬಂತೆ, ಗಾಯನ ತಂಡ ನಿನ್ನದೇ ಎಂದುಬಿಡುತ್ತಾನೆ. ಅವರು ಏನಾಗಲಿ? ಸೈನ್ಯ? ಬೇಟೆಗಾರರು? ಬೇಟೆಗಾರರು ಎಂದು ತೀರ್ಮಾನವಾಗುತ್ತದೆ. ಅಲ್ಲಿಗೆ ದ್ವೀಪದಲ್ಲಿದ್ದ ಒಂದೇ ಒಂದು ಶಿಸ್ತುಬದ್ಧ ತಂಡ, ಆಯುಧದ ಸಮೇತ, ಒಬ್ಬನ ಖಾಸಗಿ ಸ್ವತ್ತಾಯಿತು. ಕೊಟ್ಟವನು ಯಾರು? ನಾವೆಲ್ಲ ಇಷ್ಟಪಡುವ ರಾಲ್ಫ್. ಕೊಟ್ಟದ್ದು ಯಾಕೆ? ಸಭ್ಯತೆಗೆ.

ಮುಂದೆ ಜ್ಯಾಕ್ ಬೇರೆಯಾಗಿ ಕೋಟೆಬಂಡೆಯಲ್ಲಿ ತನ್ನದೇ ಗುಂಪು ಕಟ್ಟುತ್ತಾನಲ್ಲ, ಅಲ್ಲಿಯ ಒಂದು ಸಣ್ಣ ದೃಶ್ಯವನ್ನು ಓದುಗರು ದಾಟಿಬಿಡುತ್ತಾರೆ. ರೋಜರ್ ಬಂಡೆ ಹತ್ತಿ ಬರುತ್ತಿದ್ದಾನೆ. ಮೇಲೆ ಕಾವಲಿಗೆ ನಿಂತ ರಾಬರ್ಟ್, ಯಾರಲ್ಲಿ, ನಿಲ್ಲು, ಎಂದು ಕೂಗುತ್ತಾನೆ. ರೋಜರ್ ಹೆಸರು ಹೇಳಿದ ಮೇಲೆ, ಮುಂದೆ ಬಾ ಮಿತ್ರ, ಎನ್ನುತ್ತಾನೆ. ಇದು ಬ್ರಿಟಿಷ್ ಸೈನ್ಯದ ಪಹರೆಯವರು ಕೂಗುವ ಮಾತು. ನೀನು ನೋಡಿದರೇ ಗೊತ್ತಾಗುತ್ತಿತ್ತಲ್ಲ ಎಂದು ರೋಜರ್ ಹೇಳಿದರೆ, ನಾಯಕ ಎಲ್ಲರನ್ನೂ ಹೀಗೇ ತಡೆದು ಕೇಳಬೇಕು ಎಂದಿದ್ದಾನೆ ಎಂದು ಉತ್ತರ. ಅದೇ ಹೊತ್ತಿಗೆ ಒಳಗೆ ವಿಲ್‌ಫ್ರೆಡ್ ಎಂಬ ಹುಡುಗನನ್ನು ಕಟ್ಟಿಹಾಕಿದ್ದಾರೆ, ನಾಯಕ ಅವನಿಗೆ ಹೊಡೆಯಲಿದ್ದಾನೆ. ಯಾಕೆ? ಗೊತ್ತಿಲ್ಲ, ಅವನು ಹೇಳಲಿಲ್ಲ.

ಇದು ಅರಾಜಕತೆಯೇ? ಕಾವಲು ಇದೆ, ಗುರುತು ಹೇಳುವ ಪದ್ಧತಿ ಇದೆ, ಶಿಕ್ಷೆ ಇದೆ, ಕೆಲಸ ಹಂಚಿಕೆ ಇದೆ, ಮುಖದ ಬಣ್ಣವೇ ಸಮವಸ್ತ್ರ. ಹೊಟ್ಟೆಗೆ ಮಾಂಸವೂ ಇದೆ. ರಾಲ್ಫ್‌ನ ಕಡೆ ನೋಡಿದರೆ ನಾಲ್ಕು ಜನ ಸೇರಿ ಒಂದು ಬೆಂಕಿ ಉಳಿಸಿಕೊಳ್ಳಲಾಗುತ್ತಿಲ್ಲ. ವ್ಯವಸ್ಥೆ ಎಂದರೆ ನಾಗರಿಕತೆ ಎಂದು ನಂಬಿದವರು ಲೆಕ್ಕಪ್ರಕಾರ ಜ್ಯಾಕ್‌ನ ಪಕ್ಷವನ್ನೇ ಹಿಡಿಯಬೇಕಾಗುತ್ತದೆ. ನಿಯಮ ಬೇಕು, ನಾವೇನು ಕಾಡುಜನರಲ್ಲ, ನಾವು ಇಂಗ್ಲಿಷರು, ಇಂಗ್ಲಿಷರು ಎಲ್ಲದರಲ್ಲೂ ಮೇಲು ಎಂದು ಮೊದಲ ದಿನಗಳಲ್ಲಿ ಘೋಷಿಸಿದವನೂ ಜ್ಯಾಕೇ. ಆ ಮಾತನ್ನು ಪಿಗ್ಗಿಯ ಬಾಯಲ್ಲೋ ರಾಲ್ಫ್‌ನ ಬಾಯಲ್ಲೋ ಇಡದೆ ಜ್ಯಾಕ್‌ನ ಬಾಯಲ್ಲಿ ಇಟ್ಟದ್ದು ಗೋಲ್ಡಿಂಗ್ ಅವರ ಕುಶಲತೆ. ನಿಯಮ ಎಂದರೆ ಅವನಿಗೆ ಮೊದಲು ಹೊಳೆಯುವುದು, ಮುರಿದವರಿಗೆ ಹೊಡೆಯುವ ಅವಕಾಶ.

ಹಾಗಾದರೆ ಕುಸಿದದ್ದೇನು?

ಐದನೆಯ ಅಧ್ಯಾಯ ತೆಗೆಯಿರಿ. ನನ್ನ ಪಾಲಿಗೆ ಈ ಕಾದಂಬರಿಯ ಜೀವ ಇರುವುದು ಇಲ್ಲಿ, ಕೊಲೆಗಳಲ್ಲಿ ಅಲ್ಲ. ರಾಲ್ಫ್ ಸಂಜೆ ಹೊತ್ತಿನಲ್ಲಿ ಸಭೆ ಕರೆಯುತ್ತಾನೆ. ಮೋಜಿಗಲ್ಲ, ಕೆಲಸದ ವಿಷಯ ನೇರ ಮಾಡಿಕೊಳ್ಳಲಿಕ್ಕೆ ಎನ್ನುತ್ತಾನೆ. ಒಂದೊಂದಾಗಿ ಹೇಳುತ್ತಾನೆ. ತೆಂಗಿನ ಚಿಪ್ಪಿನಲ್ಲಿ ಹೊಳೆಯ ನೀರು ತಂದಿಟ್ಟು ಎಲೆ ಮುಚ್ಚೋಣ ಎಂದುಕೊಂಡಿದ್ದೆವು. ಕೆಲವು ದಿನ ನಡೆಯಿತು, ಈಗ ಚಿಪ್ಪು ಒಣಗಿವೆ. ಗುಡಿಸಲು: ಮೊದಲನೆಯದನ್ನು ಎಲ್ಲರೂ ಸೇರಿ ಕಟ್ಟಿದೆವು, ಅದು ಗಟ್ಟಿಯಾಗಿದೆ. ಎರಡನೆಯದಕ್ಕೆ ಉಳಿದವರು ನಾಲ್ಕು ಜನ. ಮೂರನೆಯದು ನಾನು ಮತ್ತು ಸೈಮನ್ ಇಬ್ಬರೇ ಕಟ್ಟಿದ್ದು, ಅದು ಅಲ್ಲಾಡುತ್ತಿದೆ. ಆಮೇಲೆ ಶೌಚದ ವಿಷಯ. ಕೊಳದ ಆಚೆಯ ಬಂಡೆಗಳನ್ನು ಆ ಕೆಲಸಕ್ಕೆ ಗೊತ್ತುಮಾಡಿದ್ದೆವು, ಅಲೆ ಬಂದು ತೊಳೆಯುತ್ತದೆ ಎಂದು. ಈಗ ಎಲ್ಲೆಂದರಲ್ಲಿ, ಗುಡಿಸಲ ಪಕ್ಕದಲ್ಲೇ. ಇಲ್ಲಿ ಹುಡುಗರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ.

ಆ ನಗು ನನಗೆ, ಬೇಟೆಗಾರರು ಮುಂದೆ ಕೋಲಿಗೆ ಚುಚ್ಚಿ ನಿಲ್ಲಿಸುವ ಹಂದಿತಲೆಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ನೀರು, ಸೂರು, ಶೌಚ, ಬೆಂಕಿ: ನಾಲ್ಕೂ ದಿನಾ ಮಾಡಬೇಕಾದ ಕೆಲಸ, ಮಾಡಿದರೆ ಯಾರೂ ಹೊಗಳುವುದಿಲ್ಲ, ಮುಗಿಯುವುದೂ ಇಲ್ಲ. ಬೇಟೆಗೆ ಆರಂಭ ಇದೆ, ರೋಚಕ ಇದೆ, ಕೊನೆ ಇದೆ, ಆಮೇಲೆ ಹಾಡು ಕುಣಿತ ಇದೆ. ನಾಲ್ಕನೆಯ ಅಧ್ಯಾಯದಲ್ಲಿ ದಿಗಂತದಲ್ಲಿ ಹಡಗು ಹಾದುಹೋದಾಗ ಬೆಟ್ಟದ ಬೆಂಕಿ ಆರಿಹೋಗಿತ್ತು. ಕಾಯಬೇಕಿದ್ದವರನ್ನು ಜ್ಯಾಕ್ ಬೇಟೆಗೆ ಕರೆದುಕೊಂಡು ಹೋಗಿದ್ದ. ಕೆಟ್ಟತನದಿಂದಲೂ ಅಲ್ಲ, ಹಂದಿಯನ್ನು ಸುತ್ತುವರಿಯಲು ಜನ ಬೇಕಿತ್ತು. ಕಾದಂಬರಿಯ ನಡುಭಾಗದ ಮೇಲೆ ರಾಲ್ಫ್‌ನ ತಲೆಯಲ್ಲೇ ಒಂದು ಪರದೆ ಬಿದ್ದಂತಾಗುತ್ತದೆ. ಬೆಂಕಿ ಬೇಕು ಎನ್ನುವುದು ನೆನಪಿದೆ, ಯಾಕೆ ಬೇಕು ಎನ್ನುವುದು ಮರೆತು ತಡವರಿಸುತ್ತಾನೆ. ಪಿಗ್ಗಿ ಪಕ್ಕದಿಂದ ಹೇಳಿಕೊಡಬೇಕು: ಹಡಗು ಬರಬೇಕಲ್ಲ, ಅದಕ್ಕೆ. ಐದನೆಯ ಅಧ್ಯಾಯದ ಆ ಸಂಜೆಯ ಸಭೆಯಲ್ಲಿ ಪುಟ್ಟ ಪರ್ಸಿವಲ್ ತನ್ನ ಪೂರ್ತಿ ಹೆಸರು, ಪಾದ್ರಿಮನೆಯ ವಿಳಾಸ ಎಲ್ಲವನ್ನೂ ಮಂತ್ರದಂತೆ ಒಪ್ಪಿಸಿ ಟೆಲಿಫೋನ್ ಸಂಖ್ಯೆಯ ಹತ್ತಿರ ತಡವರಿಸುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅಧಿಕಾರಿಯ ಮುಂದೆ ನಿಂತಾಗ ಅವನಿಗೆ ತನ್ನ ಹೆಸರೂ ಬಾಯಿಗೆ ಬರುವುದಿಲ್ಲ.

ಸಂಜೆಯ ಆ ಸಭೆ ಮುರಿಯುವುದೂ ಅವತ್ತೇ. ನಿಯಮಗಳು ಹಾಳಾಗಿ ಹೋಗಲಿ ಎಂದು ಜ್ಯಾಕ್ ಕಿರುಚುತ್ತಾನೆ, ಎಲ್ಲರೂ ಕತ್ತಲಲ್ಲಿ ಚೆದುರುತ್ತಾರೆ. ಶಂಖ ಊದು ಎಂದು ಪಿಗ್ಗಿ ಒತ್ತಾಯಿಸುತ್ತಾನೆ. ರಾಲ್ಫ್ ಊದುವುದಿಲ್ಲ. ಊದಿ ಅವರು ಬಾರದೇ ಹೋದರೆ ಎಲ್ಲ ಮುಗಿದಂತೆ ಎನ್ನುತ್ತಾನೆ. ಶಂಖ ನಿಜಕ್ಕೂ ಒಡೆಯುವುದು ಹನ್ನೊಂದನೆಯ ಅಧ್ಯಾಯದಲ್ಲಿ. ಆದರೆ ಪರೀಕ್ಷೆ ಮಾಡಿ ನೋಡಲು ಹೆದರುವ ಅಧಿಕಾರ ಎಷ್ಟು ಉಳಿದಿರುತ್ತದೆ?

ಕನ್ನಡಕದ ವಿಷಯ ಬಂತಲ್ಲ, ಒಂದು ಅಡ್ಡ ಮಾತು. ಪಿಗ್ಗಿಗೆ ಇರುವುದು ಸಮೀಪದೃಷ್ಟಿ. ಅದಕ್ಕೆ ಕೊಡುವ ಗಾಜು ನಿಮ್ನ, ಬೆಳಕನ್ನು ಚೆದುರಿಸುತ್ತದೆಯೇ ಹೊರತು ಒಂದೆಡೆ ಕೂಡಿಸುವುದಿಲ್ಲ. ಭೌತಶಾಸ್ತ್ರದ ಪ್ರಕಾರ ಆ ಕನ್ನಡಕದಿಂದ ಬೆಂಕಿ ಹೊತ್ತುವುದೇ ಇಲ್ಲ. ಇದನ್ನು ಹಿಡಿದು ಕಾದಂಬರಿಯನ್ನು ಹೀಗಳೆಯುವವರಿದ್ದಾರೆ. ನನಗೆ ಅದರಿಂದ ಏನೂ ಕಡಿಮೆಯಾಗಿಲ್ಲ.

ರೋಜರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಾಲ್ಕನೆಯ ಅಧ್ಯಾಯದಲ್ಲಿ ಅವನು ಮರಳಲ್ಲಿ ಆಡುವ ಹೆನ್ರಿ ಎಂಬ ಮಗುವಿನತ್ತ ಕಲ್ಲು ಎಸೆಯುತ್ತಾನೆ. ಗುರಿಯಿಟ್ಟೇ ಎಸೆಯುತ್ತಾನೆ, ಆದರೆ ತಾಗದ ಹಾಗೆ. ಆ ಮಗುವಿನ ಸುತ್ತ ಸುಮಾರು ಆರು ಗಜದ ಒಂದು ವೃತ್ತ ಇದೆ, ಅದರೊಳಗೆ ಎಸೆಯಲು ಅವನಿಗೆ ಧೈರ್ಯ ಇಲ್ಲ. ಅಪ್ಪ ಅಮ್ಮ, ಶಾಲೆ, ಪೊಲೀಸ್, ಕಾನೂನು ಎಲ್ಲವೂ ಕಾಣದಂತೆ ಆ ವೃತ್ತದಲ್ಲಿ ಕಾವಲು ನಿಂತಿವೆ. ಮತ್ತು ಗೋಲ್ಡಿಂಗ್ ಒಂದು ವಾಕ್ಯ ಸೇರಿಸುತ್ತಾರೆ: ರೋಜರ್‌ನ ಕೈಯನ್ನು ತಡೆಹಿಡಿದಿದ್ದ ಆ ನಾಗರಿಕತೆಗೆ ರೋಜರ್ ಎಂಬವನೊಬ್ಬ ಇದ್ದಾನೆಂದೇ ಗೊತ್ತಿಲ್ಲ, ಮೇಲಾಗಿ ಅದು ಸ್ವತಃ ಪಾಳುಬಿದ್ದಿದೆ. ಲೋಕದಲ್ಲಿ ಅಣುಬಾಂಬು ಬಿದ್ದಿದೆ, ನಮ್ಮನ್ನು ಹುಡುಕುವವರು ಯಾರೂ ಉಳಿದಿಲ್ಲ ಎಂದು ಪಿಗ್ಗಿ ಮೊದಲ ಅಧ್ಯಾಯದಲ್ಲೇ ಹೇಳಿರುತ್ತಾನೆ. ಇಲ್ಲದ ಪೊಲೀಸರು ಒಂದು ಕೈಯನ್ನು ತಡೆಯುತ್ತಿದ್ದಾರೆ.

ಈ ವೃತ್ತ ಕುಗ್ಗುವುದನ್ನು ಲೇಖಕರು ಬಹಳ ನಿಧಾನವಾಗಿ ತೋರಿಸುತ್ತಾರೆ. ಕೋಟೆಬಂಡೆಯ ಮೇಲಿನಿಂದ ರೋಜರ್ ಮತ್ತೆ ಕಲ್ಲು ಎಸೆಯುತ್ತಾನೆ, ರಾಲ್ಫ್‌ನ ಕಡೆಯ ಅವಳಿ ಹುಡುಗರ ನಡುವೆ, ಆಗಲೂ ತಪ್ಪುವಂತೆಯೇ. ಕೆಲವೇ ನಿಮಿಷದಲ್ಲಿ ದೊಡ್ಡ ಬಂಡೆಯ ಸನ್ನೆಗೋಲಿನ ಮೇಲೆ ಇಡೀ ಮೈಭಾರ ಹಾಕುತ್ತಾನೆ. ಬಂಡೆ ಉರುಳಿ ಪಿಗ್ಗಿಗೆ ಬಡಿಯುತ್ತದೆ, ಅವನು 40 ಅಡಿ ಕೆಳಗಿನ ಬಂಡೆಗೆ ಬೀಳುತ್ತಾನೆ, ಶಂಖ ಪುಡಿಯಾಗುತ್ತದೆ. ಹಾಗೆ ಮಾಡು ಎಂದು ಜ್ಯಾಕ್ ಹೇಳಿರಲಿಲ್ಲ. ಆದರೆ ಕಾರಣ ಹೇಳದೆ ಹೊಡೆಯುವ ನಾಯಕನೊಬ್ಬ ಇದ್ದಾನೆ ಎಂದು ಗೊತ್ತಾದ ದಿನದಿಂದ ರೋಜರ್‌ಗೆ ಆ ಆರು ಗಜ ಕಾಣಿಸುತ್ತಿಲ್ಲ.

ಸೈಮನ್ ಸಾವಿನ ಬಗ್ಗೆ ಬಹಳ ಜನ ಬರೆದಿದ್ದಾರೆ. ಬೆಟ್ಟದ ಮೇಲೆ ಕುಳಿತ ಭೂತ ಎಂದು ಎಲ್ಲರೂ ಹೆದರಿದ್ದು ಪ್ಯಾರಾಚೂಟಿಗೆ ಸಿಕ್ಕಿಕೊಂಡ ಸತ್ತ ಸೈನಿಕ ಎಂದು ಕಂಡುಕೊಂಡವನು ಸೈಮನ್. ಅದನ್ನು ಹೇಳಲು ಇಳಿದು ಬರುತ್ತಾನೆ. ಮಳೆ, ಗುಡುಗು, ಕುಣಿತ. ಅವನನ್ನೇ ಭೂತ ಎಂದು ಬಡಿದು ಕೊಲ್ಲುತ್ತಾರೆ. ನನಗೆ ಕೊಲೆಗಿಂತ ಮರುದಿನ ಬೆಳಗಿನ ಸಂಭಾಷಣೆ ಮುಖ್ಯ. ಆ ಕುಣಿತದಲ್ಲಿ ರಾಲ್ಫ್ ಮತ್ತು ಪಿಗ್ಗಿಯೂ ಇದ್ದರು ಎಂಬುದನ್ನು ಮರೆಯಬಾರದು. ಅದು ಕೊಲೆ ಎಂದು ರಾಲ್ಫ್ ಹೇಳುತ್ತಾನೆ. ಪಿಗ್ಗಿ, ಇಡೀ ಪುಸ್ತಕದ ವಿವೇಕದ ದನಿ, ತಕ್ಷಣ ಬಾಯಿ ಮುಚ್ಚಿಸುತ್ತಾನೆ: ಕತ್ತಲಿತ್ತು, ಮಿಂಚಿತ್ತು, ಹೆದರಿದ್ದೆವು, ಅದು ಅಪಘಾತ. ಅವಳಿ ಹುಡುಗರು ಬರುತ್ತಾರೆ. ನಾವು ಬೇಗ ಹೊರಟುಬಿಟ್ಟೆವು, ಸುಸ್ತಾಗಿತ್ತು ಎನ್ನುತ್ತಾರೆ. ಹೌದು, ನಾವೂ ಬೇಗ ಹೊರಟೆವು ಎಂದು ಪಿಗ್ಗಿ ದನಿಗೂಡಿಸುತ್ತಾನೆ. ಆ ಕಡೆ ಜ್ಯಾಕ್ ತನ್ನವರಿಗೆ, ಭೂತ ವೇಷ ಮರೆಸಿಕೊಂಡು ಬಂದಿತ್ತು, ಮತ್ತೆ ಬರಬಹುದು ಎಂದು ಹೇಳುತ್ತಿದ್ದಾನೆ. ಎರಡು ಪಕ್ಷ, ಎರಡು ಸುಳ್ಳು. ಒಂದು ಸುಳ್ಳು ಕಾಡುತನದ್ದು, ಇನ್ನೊಂದು ಬಹಳ ನಾಗರಿಕವಾದದ್ದು, ಯಾವುದೇ ವಿಚಾರಣಾ ಆಯೋಗದ ಮುಂದೆ ನಿಲ್ಲುವಂಥದ್ದು.

ಪಿಗ್ಗಿಯ ಮಾತು ಯಾಕೆ ಯಾರೂ ಕೇಳುವುದಿಲ್ಲ? ದಪ್ಪಗಿದ್ದಾನೆ, ಉಬ್ಬಸ, ಕನ್ನಡಕ. ಆದರೆ ಮೂಲದಲ್ಲಿ ಓದಿದವರಿಗೆ ಇನ್ನೊಂದು ವಿಷಯ ಕಿವಿಗೆ ಬೀಳುತ್ತದೆ. ಅವನ ಇಂಗ್ಲಿಷ್ ಬೇರೆ. ಮಾತಿನಲ್ಲಿ ಕೆಳವರ್ಗದ ಗುರುತು ಇದೆ, ಆಡಿದರೆ ಉಳಿದವರು ನಗುತ್ತಾರೆ. ರಾಲ್ಫ್‌ನ ಅಪ್ಪ ನೌಕಾದಳದ ಕಮ್ಯಾಂಡರ್. ಪಿಗ್ಗಿಯನ್ನು ಸಾಕಿದ್ದು ಚಿಕ್ಕಮ್ಮ, ಮಿಠಾಯಿ ಅಂಗಡಿ ಇಟ್ಟುಕೊಂಡವಳು. ಯಾರಿಗೂ ಹೇಳಬೇಡ ಎಂದು ಕೇಳಿಕೊಂಡಿದ್ದ ಅಡ್ಡಹೆಸರನ್ನು ಮೊದಲ ಸಭೆಯಲ್ಲೇ ರಾಲ್ಫ್ ಎಲ್ಲರಿಗೂ ಸಾರಿಬಿಡುತ್ತಾನೆ, ಎಲ್ಲರೂ ಒಟ್ಟಾಗಿ ನಗುತ್ತಾರೆ, ಆ ನಗುವಿನಲ್ಲಿ ಅವರ ನಡುವೆ ಒಂದು ಬೆಸುಗೆ ಹುಟ್ಟುತ್ತದೆ. ಪಿಗ್ಗಿ ಮಾತ್ರ ಹೊರಗೆ. ಅವನ ನಿಜವಾದ ಹೆಸರು ನಮಗೆ ಕೊನೆಗೂ ತಿಳಿಯುವುದಿಲ್ಲ. ದ್ವೀಪದ ಸಮಾಜ ಕಟ್ಟಲ್ಪಟ್ಟದ್ದೇ ಒಬ್ಬನನ್ನು ಹೊರಗಿಟ್ಟು. ಈ ವಿದ್ಯೆ ಕಾಡಿನಿಂದ ಬಂದದ್ದಲ್ಲ, ಹುಡುಗರು ಅದನ್ನು ತಮ್ಮ ಶಾಲೆಗಳಿಂದಲೇ ತಂದರು.

ಗೋಲ್ಡಿಂಗ್ ಅವರಿಗೆ ಆ ಶಾಲೆಗಳು ಚೆನ್ನಾಗಿ ಗೊತ್ತಿದ್ದವು. ಹುಟ್ಟಿದ್ದು 1911ರಲ್ಲಿ, ಕಾರ್ನ್‌ವಾಲ್‌ನಲ್ಲಿ. ಸಾಲ್ಸ್‌ಬರಿಯ ಬಿಷಪ್ ವರ್ಡ್ಸ್‌ವರ್ತ್ ಶಾಲೆಯಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು. ಯುದ್ಧ ಬಂದಾಗ 1940ರಲ್ಲಿ ನೌಕಾದಳ ಸೇರಿದರು, 1944ರ ಜೂನ್‌ನಲ್ಲಿ ನಾರ್ಮಂಡಿ ದಾಳಿಯ ದಿನ ರಾಕೆಟ್ ಹಾರಿಸುವ ದೋಣಿಯೊಂದರ ನಾಯಕರಾಗಿದ್ದರು. ಯುದ್ಧದ ಮೊದಲು ಸಮಾಜವನ್ನು ತಿದ್ದಿದರೆ ಮನುಷ್ಯ ತಿದ್ದಿಕೊಳ್ಳುತ್ತಾನೆ ಎಂದು ನಂಬಿದ್ದೆ, ಆಮೇಲೆ ನಂಬಲಾಗಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಅವರು ಎದುರಿಗಿಟ್ಟುಕೊಂಡದ್ದು ಆರ್. ಎಂ. ಬ್ಯಾಲಂಟೈನ್ ಅವರ 1857ರ 'ದಿ ಕೋರಲ್ ಐಲೆಂಡ್'. ಅಲ್ಲಿಯೂ ರಾಲ್ಫ್, ಜ್ಯಾಕ್ ಎಂಬ ಹುಡುಗರು ದ್ವೀಪದಲ್ಲಿ ಸಿಕ್ಕಿಬೀಳುತ್ತಾರೆ; ಆದರೆ ಅವರು ಸದಾ ಧೀರರು, ನಗುಮುಖದವರು, ಕೆಟ್ಟದ್ದೆಲ್ಲ ಹೊರಗಿನಿಂದ ಬರುತ್ತದೆ. ಗೋಲ್ಡಿಂಗ್ ಅವವೇ ಹೆಸರು ಇಟ್ಟುಕೊಂಡು, ಹೊರಗಿನವರನ್ನು ತೆಗೆದುಹಾಕಿದರು.

ಹಸ್ತಪ್ರತಿ ಹಲವು ಪ್ರಕಾಶಕರಿಂದ ವಾಪಸ್ಸಾಯಿತು. ಫೇಬರ್ ಸಂಸ್ಥೆಯ ಓದುಗರೊಬ್ಬರು ಅದನ್ನು ಕಸ, ನೀರಸ, ಅರ್ಥವಿಲ್ಲದ್ದು ಎಂದು ಷರಾ ಬರೆದಿದ್ದರು. ಚಾರ್ಲ್ಸ್ ಮಾಂಟೀತ್ ಎಂಬ ಹೊಸ ಸಂಪಾದಕ ಅದನ್ನು ಎತ್ತಿಕೊಂಡು ಓದಿ, ಆರಂಭದಲ್ಲಿದ್ದ ಅಣುಯುದ್ಧದ ವಿವರಗಳನ್ನು ಕತ್ತರಿಸಿ ಎಂದರು. ಲೇಖಕರು ಕತ್ತರಿಸಿದರು. 1954ರ ಸೆಪ್ಟೆಂಬರ್‌ನಲ್ಲಿ ಪುಸ್ತಕ ಬಂತು. ಆ ಕತ್ತರಿ ಒಳ್ಳೆಯದೇ ಆಯಿತು, ಆದರೆ ಒಂದು ನಷ್ಟವೂ ಇದೆ. ಯುದ್ಧ ಹಿನ್ನೆಲೆಗೆ ಸರಿದ ಕಾರಣ, ದೊಡ್ಡವರ ಲೋಕ ಸರಿಯಾಗಿದೆ, ಹುಡುಗರು ಮಾತ್ರ ಕೆಟ್ಟರು ಎಂದು ಓದುವುದು ಸುಲಭವಾಯಿತು. ರಾಲ್ಫ್ ಅಳುವಾಗ ಅಧಿಕಾರಿ ಮುಜುಗರದಿಂದ ಬೇರೆ ಕಡೆ ನೋಡುತ್ತಾನೆ. ಅವನು ನೋಡುವುದು ತನ್ನ ಯುದ್ಧನೌಕೆಯನ್ನು. ಹುಡುಗರನ್ನು ಕರೆದೊಯ್ಯುವ ಆ ನೌಕೆಯೂ ಮನುಷ್ಯರ ಬೇಟೆಗೆ ಹೊರಟದ್ದೇ.

ಮಾತು ಮುಗಿದ ಮೇಲೆ ಸಭಿಕರು ಕೆಲವು ಪ್ರಶ್ನೆ ಕೇಳಿದರು. ಎರಡನ್ನು ಮಾತ್ರ ಇಲ್ಲಿ ಕೊಡುತ್ತೇನೆ.

ಒಬ್ಬರು ಕೇಳಿದ್ದು: ಹುಡುಗರನ್ನು ಎರಡು ಗುಂಪು ಮಾಡಿ ಬಿಟ್ಟರೆ ಹೊಡೆದಾಡುತ್ತಾರೆ ಎಂದು ಮನಶ್ಶಾಸ್ತ್ರಜ್ಞರೇ ತೋರಿಸಿದ್ದಾರಲ್ಲ? ಅವರು ಹೇಳಿದ್ದು ಮುಜಫರ್ ಶೆರಿಫ್ ಅವರ ಪ್ರಯೋಗ. ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬಲ್ಲಿ, ಅದೂ 1954ರ ಬೇಸಿಗೆಯಲ್ಲೇ. ಸುಮಾರು 11 ವರ್ಷದ 22 ಹುಡುಗರು, ಎರಡು ತಂಡ, ಬಹುಮಾನದ ಪಂದ್ಯಗಳು. ಬಾವುಟ ಸುಟ್ಟರು, ಪರಸ್ಪರರ ಕೋಣೆಗೆ ನುಗ್ಗಿದರು. ಆದರೆ ಅಲ್ಲಿ ದೊಡ್ಡವರು ಇರಲಿಲ್ಲ ಎನ್ನುವಂತಿಲ್ಲ. ಪಂದ್ಯ ಏರ್ಪಡಿಸಿದವರು, ಬಹುಮಾನ ಇಟ್ಟವರು, ಪೈಪೋಟಿಗೆ ಗಾಳಿ ಹಾಕಿದವರು ದೊಡ್ಡವರೇ. ಅದರ ಹಿಂದಿನ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಶೆರಿಫ್ ಇಂಥದ್ದೇ ಪ್ರಯೋಗ ಮಾಡಿದ್ದರು. ಹುಡುಗರು ಮೊದಲೇ ಗೆಳೆಯರಾಗಿದ್ದರು, ಎಷ್ಟು ಕೆಣಕಿದರೂ ಹೊಡೆದಾಡಲಿಲ್ಲ, ಪ್ರಯೋಗ ನಿಲ್ಲಿಸಬೇಕಾಯಿತು. ರಾಬರ್ಸ್ ಕೇವ್‌ನಲ್ಲಿ ಜಗಳ ಇಳಿದದ್ದು ಹೇಗೆ ಗೊತ್ತೇ? ಶಿಬಿರದ ನೀರು ನಿಂತುಹೋಗುವಂತೆ ಮಾಡಿದರು. ಎರಡೂ ತಂಡ ಸೇರಿ ನೀರಿನ ವ್ಯವಸ್ಥೆ ಸರಿಪಡಿಸಬೇಕಾಯಿತು. ಕೆಟ್ಟು ನಿಂತ ಟ್ರಕ್ಕನ್ನು ಸೇರಿ ಎಳೆಯಬೇಕಾಯಿತು.

ಇನ್ನೊಬ್ಬರದು ಪೆಸಿಫಿಕ್ ಸಾಗರದ ದ್ವೀಪದೇಶ ಟೋಂಗಾದ ಪ್ರಶ್ನೆ. ನಿಜವಾಗಿ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರು ಹೀಗೇನೂ ಮಾಡಲಿಲ್ಲವಲ್ಲ, ಗೋಲ್ಡಿಂಗ್ ಸುಳ್ಳಾದರಲ್ಲವೇ? ಘಟನೆ ನಿಜ. 1965ರಲ್ಲಿ ಟೋಂಗಾದ ಒಂದೇ ಶಾಲೆಯ ಆರು ಹುಡುಗರು ದೋಣಿಯೊಂದನ್ನು ಕದ್ದು ಹೊರಟು, ಬಿರುಗಾಳಿಗೆ ಸಿಕ್ಕಿ ಅಟಾ ಎಂಬ ದ್ವೀಪ ಸೇರಿದರು. 1966ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಎಂಬ ನಾವಿಕ ಅವರನ್ನು ಕಾಣುವವರೆಗೆ ಸುಮಾರು 15 ತಿಂಗಳು ಅಲ್ಲೇ ಇದ್ದರು. ಇಬ್ಬಿಬ್ಬರಾಗಿ ತೋಟ, ಅಡುಗೆ, ಕಾವಲು ಎಂದು ಸರದಿ ಹಾಕಿಕೊಂಡಿದ್ದರು. ಮರದ ಬೊಡ್ಡೆ ಕೊರೆದು ಮಳೆನೀರು ಹಿಡಿದರು. ಹೊತ್ತಿಸಿದ ಬೆಂಕಿಯನ್ನು ಆರಲು ಬಿಡಲಿಲ್ಲ. ಒಬ್ಬ ಬಿದ್ದು ಕಾಲು ಮುರಿದುಕೊಂಡಾಗ ಕಟ್ಟು ಕಟ್ಟಿ, ಅವನ ಕೆಲಸವನ್ನು ತಾವು ಹಂಚಿಕೊಂಡರು. ಜಗಳ ಬಂದರೆ ಇಬ್ಬರೂ ದ್ವೀಪದ ಬೇರೆ ಬೇರೆ ಕಡೆ ಹೋಗಿ ತಣ್ಣಗಾಗಿ ಬರಬೇಕಿತ್ತು.

ಇದರಿಂದ ಕಾದಂಬರಿ ಸುಳ್ಳಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ರಾಲ್ಫ್ ಸಂಜೆಯ ಸಭೆಯಲ್ಲಿ ಒದರಿದ ಪಟ್ಟಿಯನ್ನೇ ಈ ಆರು ಜನ ಮಾಡಿ ತೋರಿಸಿದ್ದಾರೆ: ನೀರು, ಸೂರು, ಬೆಂಕಿ, ಸರದಿ. ಅವರು ಆರೇ ಜನ, ಹದಿಹರೆಯದವರು, ಮೊದಲೇ ಗೆಳೆಯರು. ಸಾಲಾಗಿ ನಡೆಸಿಕೊಂಡು ಬಂದ ಜ್ಯಾಕ್ ಅಲ್ಲಿರಲಿಲ್ಲ, ಯಾರೂ ಯಾರಿಗೂ ಸೈನ್ಯ ಬಿಟ್ಟುಕೊಡಲಿಲ್ಲ. ಊರಿಗೆ ಮರಳಿದ ಮೇಲೆ ದೋಣಿಯ ಮಾಲೀಕ ದೂರು ಕೊಟ್ಟು, ಪೊಲೀಸರು ಅವರನ್ನು ಹಿಡಿದು ಒಳಗೆ ಹಾಕಿದರು ಎಂಬುದನ್ನೂ ಸೇರಿಸಬೇಕು. ವಾರ್ನರ್ ಹಣ ತೆತ್ತು ಬಿಡಿಸಿದರು.

ಇನ್ನೂ ಒಂದು ಸಂಗತಿ ಇದೆ, ಟೋಂಗಾದ ಕಥೆಯನ್ನು ಸಂತೋಷದಿಂದ ಹೇಳುವವರು ಬಹಳಷ್ಟು ಸಲ ಬಿಟ್ಟುಬಿಡುತ್ತಾರೆ. ಆ ಹುಡುಗರು ಬದುಕಿದ್ದು ಅಟಾದ ನೆತ್ತಿಯ ಮೇಲೆ ಕಾಡುಬಿದ್ದಿದ್ದ ಹಳೆಯ ಹಳ್ಳಿಯ ಬಾಳೆ, ಕೆಸುವಿನ ಗೆಡ್ಡೆ ಮತ್ತು ಕೋಳಿಗಳಿಂದ. ಆ ಹಳ್ಳಿ ಯಾಕೆ ಖಾಲಿಯಿತ್ತು? 1863ರಲ್ಲಿ ಒಂದು ಹಡಗು ಬಂದು, ವ್ಯಾಪಾರದ ನೆಪದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಹತ್ತಿಸಿಕೊಂಡು, ಪೆರುವಿನ ಗುಲಾಮಗಿರಿಗೆಂದು ಹೊತ್ತೊಯ್ದಿತ್ತು. ಅವರು ಮರಳಿ ಬರಲಿಲ್ಲ. ಉಳಿದವರನ್ನು ಟೋಂಗಾದ ರಾಜ ಇನ್ನೂ ಸುರಕ್ಷಿತವಾದ ಎವಾ ದ್ವೀಪಕ್ಕೆ ಸಾಗಿಸಿದ. ಆ ಹಡಗಿಗೆ ಕ್ಯಾಪ್ಟನ್ ಇದ್ದ, ನೌಕರರು ಇದ್ದರು, ಎಷ್ಟು ಜನರನ್ನು ಹತ್ತಿಸಿಕೊಂಡೆವು ಎನ್ನುವುದನ್ನು ಅವರು ಖಂಡಿತ ಎಣಿಸಿಯೇ ಇದ್ದರು.